ಒಂದೇ ಏಟಿನ ಆಟ

ಮನೆಗಳಿಗೆ ಕೇಬಲ್ ಟೀವಿ ಬಂದಿತ್ತು, ಕೈಗೆ ಮೊಬೈಲ್ ಇನ್ನೂ ಬಂದಿರಲಿಲ್ಲ. ಸಾಲಿಯ ಬೇಸಿಗೆ ಸೂಟಿ ಅಂದರೆ ಬೇರೆಯವರ ಮನೆಯಲ್ಲಿ ಕಳೆಯುವ ಸೂಟಿಯೇ ಆಗಿದ್ದ ಕಾಲ. ನಾಗನೂರಿನಲ್ಲಿ ಐದನೆಯ ಇಯತ್ತೆ ಮುಗಿಸಿದ ನನ್ನನ್ನು ಅಪ್ಪ ಆ ಬೇಸಿಗೆಗೆ ಗೋಕಾಕ ಫಾಲ್ಸಿನ ಕಾಕಾನ ಮನೆಗೆ ಬಿಟ್ಟುಹೋದ. ಕಾಕಾನಿಗೆ ಅಲ್ಲಿನ ನೂಲಿನ ಮಿಲ್ಲಿನಲ್ಲಿ ಕೆಲಸ. ನನ್ನ ಅಣ್ಣ ಮಲ್ಲು ಹೈಸ್ಕೂಲು ಓದುವುದಕ್ಕೆಂದು ಮೊದಲಿನಿಂದಲೂ ಅವರ ಮನೆಯಲ್ಲೇ ಇದ್ದ.

ಬೇಸಿಗೆಯಲ್ಲಿ ಫಾಲ್ಸಿನಲ್ಲಿ ನೋಡಲು ಏನೂ ಇರುವುದಿಲ್ಲ. ನೀರಿಲ್ಲದ ಕರಿ ಬಂಡೆ ಕಾದು, ಮಧ್ಯಾಹ್ನದ ಗಾಳಿಯೆಲ್ಲ ಒಲೆಯ ಮುಂದೆ ನಿಂತಂತೆ. ಊಟವಾದ ಮೇಲೆ ಕಾಕಾನ ಹೆಂಡತಿ ಕಾಕು ಹೊಲಿಗೆ ಮಷೀನಿಗೆ ಕೂರುವವಳು. ನನ್ನ ಬಾಯಿ ಸುಮ್ಮನಿರದು. ಹಾಗಾಗಿ ಮಲ್ಲು ಎಲ್ಲಿ ಹೋಗುತ್ತಾನೋ ಅಲ್ಲಿಗೆ ನನ್ನನ್ನೂ ಕರೆದೊಯ್ಯಬೇಕೆಂದು ಅವಳು ಕಟ್ಟುಮಾಡಿದ್ದಳು. ಮಲ್ಲು ಹೋಗುತ್ತಿದ್ದುದು ಟೆಂಪೊ ಹತ್ತಿ ಗೋಕಾಕಕ್ಕೆ, ಹುಡುಗರೆಲ್ಲ ಬಾಬೂ ಕಾಕಾ ಅನ್ನುತ್ತಿದ್ದವನ ವಿಡಿಯೊ ಗೇಮ್ ಅಂಗಡಿಗೆ. ತಂಗಿಯನ್ನು ಬಾಲದಂತೆ ಕಟ್ಟಿಕೊಂಡು ಬಂದನೆಂದು ಗೆಳೆಯರು ನಗುತ್ತಾರೆಂದು, ಟೆಂಪೊ ಇಳಿದ ಕೂಡಲೇ ನನ್ನನ್ನು ಹಿಂದೆ ಹಾಕಿ ಬೀಸುಗಾಲಿನಲ್ಲಿ ನಡೆಯುತ್ತಿದ್ದ.

ಆ ಅಂಗಡಿಯ ವಾಸನೆ ಈಗಲೂ ನನಗೆ ಗೊತ್ತು. ಕಾದ ವಾಯರು, ಹುಡುಗರ ಬೆವರು, ಬಾಜೂ ಅಂಗಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ ಹಳೆಯ ಎಣ್ಣೆ. ಸಾಲಾಗಿ ಟೀವಿಗಳು. ಮೂಲೆಯ ಟೀವಿಯಲ್ಲಿ ಮಾತ್ರ ಕತ್ತಿಯ ಆಟ. ಜಪಾನಿನ ಇಬ್ಬರು ಕತ್ತಿವೀರರು ಬಿದಿರುಮೆಳೆಯ ನಡುವೆ ಎದುರುಬದುರು ನಿಲ್ಲುವರು. ಮೇಲಿನಿಂದ ಬೆಳ್ಳಗೆ ಏನೋ ಉದುರುತ್ತಿರುತ್ತಿತ್ತು. ಅದು ಹಿಮ ಎಂದು ಯಾರೂ ನನಗೆ ಹೇಳಿರಲಿಲ್ಲ. ಮಿಲ್ಲಿನ ಅರಳೆ ಎಂದೇ ತಿಳಿದಿದ್ದೆ.

ಆ ಆಟದಿಂದ ಒಬ್ಬೊಬ್ಬರಿಗೆ ಒಂದೊಂದು ಬೇಕಿತ್ತು. ಮಲ್ಲುವಿಗೆ ಬೇಕಾದದ್ದು ಗತ್ತು. ಗೆದ್ದವನು ಕತ್ತಿ ಜಾಡಿಸಿ ಒರೆಗೆ ಸೇರಿಸುವಾಗ ಇವನ ಎದೆಯೂ ಉಬ್ಬುತ್ತಿತ್ತು. ಅಂಗಡಿಗೆಲ್ಲ ದೊಡ್ಡವನಾದ ವಿನಾಯಕನಿಗೆ ಬೇಕಾದದ್ದು ಎದುರಾಳಿ ಬೀಳುವ ಆ ಗಳಿಗೆ. ಕಾಲೇಜು ಸೇರಿದ್ದ ಅವನಿಗೆ ಮೀಸೆ ಬಂದಿತ್ತು, ಓಡಿಸಲು ಅಪ್ಪನ ಬೈಕಿತ್ತು. ನನಗೆ ಬೇಕಾದದ್ದೇ ಬೇರೆ. ಬೇರೆ ಟೀವಿಗಳ ಗುದ್ದಾಟದಲ್ಲಿ ದೊಡ್ಡ ಮೈಯವನು ಎಷ್ಟು ತಿಂದರೂ ಬೀಳುತ್ತಿರಲಿಲ್ಲ. ಇಲ್ಲಿ ಹಾಗಿರಲಿಲ್ಲ. ಮುದುಕನಿರಲಿ, ಸಣಕಲಿರಲಿ, ಸರಿಯಾಗಿ ತಾಗಿದ ಒಂದೇ ಏಟಿಗೆ ಎದುರಿನವನ ಕತೆ ಮುಗಿಯಿತು. ಮನೆಯಲ್ಲೂ ಸಾಲಿಯಲ್ಲೂ ಎಲ್ಲರಿಗಿಂತ ಕುಳ್ಳಿಯಾಗಿದ್ದ ನನಗೆ ಇಂಥದೊಂದು ಜಗತ್ತು ಇದೆ ಎನ್ನುವುದೇ ದೊಡ್ಡ ಭರವಸೆ.

ವಿನಾಯಕ ಅಲ್ಲೊಂದು ಕಾನೂನು ಮಾಡಿದ್ದ. ಸೋತವನು ಮೊಣಕಾಲೂರಿ ಕುತ್ತಿಗೆ ಬಾಗಿಸಬೇಕು. ಗೆದ್ದವನು ಅಂಗೈಯ ಅಂಚನ್ನು ಕತ್ತಿಯಂತೆ ಬೀಸಿ ಹೆಡಕಿಗೆ ಒಂದು ಕೊಡಬೇಕು. ಅತ್ತರೆ ಇನ್ನೊಂದು. ಸಣ್ಣ ಹುಡುಗರು ತುಟಿ ಕಚ್ಚಿ ಕಣ್ಣೀರು ನುಂಗುವುದನ್ನು ನೋಡುವುದು ಉಳಿದವರಿಗೆ ಆಟಕ್ಕಿಂತ ಹೆಚ್ಚಿನ ಮೋಜು. ಬಿಸಿಲಿಗೆ ಹುಡುಗರು ಕಡಿಮೆಯಾದ ಹೊತ್ತಿನಲ್ಲಿ ಬಾಬೂ ಕಾಕಾ ನನ್ನ ಕೈಗೂ ಆಟ ಆಡುವ, ವಾಯರಿದ್ದ ರಿಮೋಟ್ ಕೊಡುತ್ತಿದ್ದ. ಮೊದಮೊದಲು ಸೋತೆ, ಹೊಡೆಸಿಕೊಂಡೆ. ಹುಡುಗಿಯೆಂದು ಯಾರೂ ಕೈ ಹಗುರ ಮಾಡಲಿಲ್ಲ. ನಂಬುತ್ತೀರೋ ಇಲ್ಲವೋ, ಅದು ನನಗೆ ಇಷ್ಟವಾಗಿತ್ತು. ಅವರಂತೆಯೇ ನನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ಎಂದುಕೊಂಡಿದ್ದೆ.

ನಿಧಾನಕ್ಕೆ ಗುಟ್ಟು ತಿಳಿಯಿತು. ಎಲ್ಲರೂ ಗುಂಡಿಗಳನ್ನು ಕುಟ್ಟುತ್ತ ನುಗ್ಗುತ್ತಿದ್ದರು. ನಾನು ನುಗ್ಗದೆ ನಿಲ್ಲುತ್ತಿದ್ದೆ. ಎದುರಿನವನು ಕತ್ತಿ ಎತ್ತಿದಾಗ ಅವನ ಪಕ್ಕೆ ಬಯಲಾಗುತ್ತದೆ, ಕಾಯಬೇಕಾದದ್ದು ಅಷ್ಟಕ್ಕೇ. ಮಲ್ಲುವಿನ ವಾರಿಗೆಯವರು ಒಬ್ಬೊಬ್ಬರಾಗಿ ನನಗೆ ಸೋತರು. ಅವರ ಹೆಡಕಿಗೆ ನನ್ನ ಬದಲು ಮಲ್ಲು ಹೊಡೆಯುತ್ತಿದ್ದ. ಆಗೆಲ್ಲ ನನ್ನ ಅಣ್ಣನಿಗೆ ನನ್ನಿಂದ ಮಾನ ಬಂದಿತ್ತು. ಟೆಂಪೊ ಇಳಿದ ಮೇಲೂ ನನ್ನ ಜೊತೆಗೇ ನಡೆಯತೊಡಗಿದ್ದ.

ಒಂದು ಮಧ್ಯಾಹ್ನ ವಿನಾಯಕನೇ ನನ್ನೆದುರು ಕೂತ. ಸುತ್ತ ಹುಡುಗರು ಮುಗಿಬಿದ್ದರು. ಮಲ್ಲು ನನ್ನ ಬಾಜೂಕೇ ನಿಂತಿದ್ದ. ವಿನಾಯಕ ಎರಡು ಸಲ ಹುಸಿ ಏಟು ಬೀಸಿ ನನ್ನನ್ನು ಕೆಣಕಿದ. ನಾನು ಅಲುಗಲಿಲ್ಲ. ಸಾಕಾಗಿ ಕತ್ತಿಯನ್ನು ತಲೆಯ ಮೇಲೆತ್ತಿದ. ನಾನು ಒಂದೇ ಗುಂಡಿ ಒತ್ತಿದೆ. ಅವನ ಕತ್ತಿವೀರ ಬಿಳಿ ನೆಲದ ಮೇಲೆ ಬಿದ್ದ.

ಯಾರೂ ಕೇಕೆ ಹಾಕಲಿಲ್ಲ. ಎಲ್ಲರೂ ವಿನಾಯಕನ ಮುಖ ನೋಡುತ್ತಿದ್ದರು. ಅವನು ರಿಮೋಟನ್ನು ಮೆತ್ತಗೆ ಕೆಳಗಿಟ್ಟ. ಹೆಣ್ಣುಹುಡುಗಿಯ ಮುಂದೆ ತಾನು ಕುತ್ತಿಗೆ ಬಗ್ಗಿಸುವುದಿಲ್ಲ ಎಂದ. ಆಮೇಲೆ ನನ್ನ ಅಣ್ಣನ ಕಡೆ ತಿರುಗಿದ.

"ಮಲ್ಲ್ಯಾ, ಇಕಿ ಬಾಜೂಕ ನೀನ ನಿಂತಿದ್ದಿ. ನನ್ನ ರಿಮೋಟಿನ ವಾಯರ್ ಜಗ್ಗಿದ್ಲೊ ಇಲ್ಲೊ, ನೀ ಹೇಳು."

ಅವನ ವಾಯರು ನನ್ನ ಕೈಗೆ ಎಟುಕುವಷ್ಟು ಹತ್ತಿರವೂ ಇರಲಿಲ್ಲ. ಆದರೆ ಮಲ್ಲು ವಿನಾಯಕನ ಬೈಕಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ, ಅವನ ಕ್ರಿಕೆಟ್ ತಂಡದಲ್ಲಿ ಆಡುತ್ತಿದ್ದ. ಮಲ್ಲು ನನ್ನನ್ನೊಮ್ಮೆ ನೋಡಿದ.

"ಜಗ್ಗಿದ್ಲು," ಅಂದ.

"ಹಂಗಾರ ನೀನ ಹೊಡಿ."

ನಾನು ಬಾಬೂ ಕಾಕಾನ ಕಡೆ ನೋಡಿದೆ. ಅವನು ಎಲ್ಲವನ್ನೂ ಕಂಡಿದ್ದ. ಜಗಳವಿದ್ದರೆ ಹೊರಗೆ ಮಾಡಿಕೊಳ್ಳಿ ಎಂದು ಗೊಣಗಿ, ಫ್ಯಾನಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಇಬ್ಬರು ನನ್ನ ಹೆಗಲು ಅದುಮಿ ಮೊಣಕಾಲೂರಿಸಿದರು. ನಾನು ಹೆದರಿರಲಿಲ್ಲ, ಹೊಡೆಯುವವನು ಮಲ್ಲು ತಾನೆ, ಹೊಡೆದಂತೆ ಮಾಡುತ್ತಾನೆ ಎಂದುಕೊಂಡೆ. ಆ ಬೇಸಿಗೆಯಲ್ಲಿ ನಾನು ತಿಂದ ಏಟುಗಳಲ್ಲೆಲ್ಲ ಅವನು ಕೊಟ್ಟದ್ದೇ ದೊಡ್ಡದಾಗಿತ್ತು. ಹಲ್ಲಿನ ನಡುವೆ ಸಿಕ್ಕ ನಾಲಿಗೆಯಿಂದ ರಕ್ತ ಬಂತು. ನಾನು ಅತ್ತುಬಿಟ್ಟೆ. ಕಾನೂನಿನಂತೆ ಇನ್ನೊಂದು ಹೊಡೆದ. ಮೆಲ್ಲಗೆ ಹೊಡೆದಿದ್ದರೆ ವಿನಾಯಕ ಎದ್ದು ಬಂದು ತಾನೇ ಹೊಡೆಯುತ್ತಿದ್ದನೇನೋ, ಅದಕ್ಕೇ ಮಲ್ಲು ಹಾಗೆ ಮಾಡಿದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಹೊಡೆದಾದ ಮೇಲೆ ಅವನು ವಿನಾಯಕನ ಮುಖ ನೋಡಿ ನಕ್ಕದ್ದು ನನಗೆ ಕಂಡಿತ್ತು.

ಟೆಂಪೊ ಕಾಯುವಾಗ ಅವನು ಕರದಂಟು ತಂದುಕೊಟ್ಟ. ಅಂಟಿನ, ಬೆಲ್ಲದ ಆ ಪರಿಮಳಕ್ಕೆ ಬಾಯಲ್ಲಿ ನೀರು ಬಂತು, ನೀರು ತಾಗಿ ನಾಲಿಗೆ ಉರಿಯಿತು. ತಿನ್ನಲಾಗಲಿಲ್ಲ. ನನಗೆ ಬೇಡವೇನು ಎಂದು ನಾಲ್ಕು ಸಲ ಕೇಳಿ, ಕೊನೆಗೆ ತಾನೇ ತಿಂದ.

ಮನೆಯಲ್ಲಿ ಕಾಕು ನನ್ನ ಕೆಂಪಾದ ಕುತ್ತಿಗೆ ನೋಡಿದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಗೆದ್ದೆ ಎನ್ನುವುದನ್ನು ಮೊದಲು ಹೇಳಿದೆ. ಮಲ್ಲು ಬಾಗಿಲಿಗೆ ಒರಗಿ ನಿಂತಿದ್ದ. ಕಾಕು ಕೆಟ್ಟವಳಲ್ಲ, ಹೆಡಕಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ, ತಿಕ್ಕುತ್ತಲೇ ಕೇಳಿದಳು.

"ಹುಡುಗೂರ ನಡುವ ನೀ ಗೆಲ್ಲಾಕ ಯಾಕ ಹ್ವಾದಿ?"

ಮಲ್ಲುವಿಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಕಾಕಾ ನನ್ನನ್ನು ನಾಗನೂರಿಗೆ ಬಿಟ್ಟುಬಂದ. ಅಲ್ಲಿಯೂ ಯಾರೂ ಏನೂ ಕೇಳಲಿಲ್ಲ. ಮುಂದಿನ ಬೇಸಿಗೆಗೆ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಕಬ್ಬಿನ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ನನ್ನ ತಲೆಗೆ ಬಂತು.

ಈಗ ನಾನಿರುವುದು ಹುಕ್ಕೇರಿಯಲ್ಲಿ. ಹೋದ ನಾಗರ ಪಂಚಮಿಗೆ ಮಲ್ಲು ನನ್ನನ್ನು ತವರಿಗೆ ಕರೆಯಲು ಬಂದಿದ್ದ. ಕೂದಲು ಉದುರಿದೆ, ದನಿ ಮೆದುವಾಗಿದೆ. ಒಳ್ಳೆಯ ಅಣ್ಣನೆಂದು ನಮ್ಮ ಮನೆಯವರೆಲ್ಲ ಹೊಗಳುತ್ತಾರೆ, ಹೊಗಳಿಕೆ ಸುಳ್ಳೇನಲ್ಲ. ನನ್ನ ಮಗ ಮೊಬೈಲಿನಲ್ಲಿ ಕತ್ತಿಯ ಆಟವೊಂದನ್ನು ಆಡುತ್ತ ಕೂತಿದ್ದ. ಮಲ್ಲು ಅವನನ್ನು ಹತ್ತಿರಕ್ಕೆಳೆದುಕೊಂಡು, ನಿನ್ನ ಅವ್ವ ಗೋಕಾಕದಲ್ಲಿ ದೊಡ್ಡ ದೊಡ್ಡ ಹುಡುಗರನ್ನು ಸೋಲಿಸಿದ್ದಳು ಎಂದು ಶುರು ಮಾಡಿದ. ವಿನಾಯಕ ಎಂಬವನೊಬ್ಬನಿದ್ದ, ಒಂದೇ ಏಟಿಗೆ ಮಲಗಿಸಿದಳು, ಆಮೇಲೆ ತಾನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಟೆಂಪೊವರೆಗೂ ಹೊತ್ತುಕೊಂಡು ಬಂದೆ ಎಂದ.

ನಾನು ಚಹಾದ ಕಪ್ಪು ಇಟ್ಟು ಅಲ್ಲೇ ನಿಂತೆ.

"ಅಣ್ಣಾ, ಅವತ್ತ ನೀ ನನಗ ಹೊಡದಿದ್ದಿ," ಅಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಅವನ ಮುಖದಲ್ಲಿ ಹುಡುಕಿದೆ. ನಾಚಿಕೆ ಸಿಗಬಹುದು, ಸಿಟ್ಟಾದರೂ ಸಿಗಬಹುದು ಎಂದು ಹುಡುಕಿದೆ.

"ನಾ ಯಾಕ ಹೊಡೀಲೆ ನಿನಗ?" ಎಂದ. ಅವನ ಕಣ್ಣಲ್ಲಿ ನೀರಾಡಿತು.

ಅವನು ಸುಳ್ಳು ಹೇಳುತ್ತಿದ್ದರೆ ಜಗಳಕ್ಕೆ ಬೀಳುತ್ತಿದ್ದೆ. ಇಷ್ಟು ವರ್ಷ ಕಾದದ್ದೇ ಆ ಜಗಳಕ್ಕೆ. ಅವನು ಖರೆನೇ ಮರೆತಿದ್ದ. ಬಾಬೂ ಕಾಕಾ ತೀರಿಹೋಗಿ ಎಷ್ಟೋ ಕಾಲವಾಯಿತು, ವಿನಾಯಕ ಎಲ್ಲಿದ್ದಾನೋ ತಿಳಿಯದು. ನಾನು ವಾಯರ್ ಮುಟ್ಟಲಿಲ್ಲ, ಸರಿಯಾಗಿಯೇ ಗೆದ್ದೆ ಎಂದು ಹೇಳಬಲ್ಲವನು ಮಲ್ಲು ಒಬ್ಬನೇ ಉಳಿದಿದ್ದ, ಅವನಿಗೆ ವಾಯರಿನ ಮಾತೇ ನೆನಪಿರಲಿಲ್ಲ. ಮಗ ನಮ್ಮಿಬ್ಬರ ಮುಖವನ್ನೂ ನೋಡಿ, ಮಾಮಾ ಹೇಳಿದ್ದೇ ಖರೆ ಇರಬೇಕೆಂದು ನನ್ನ ಕಡೆ ನೋಡಿ ನಕ್ಕ.