ಮೂವರು ಟ್ರಸ್ಟಿಗಳನ್ನು ಕೆರೆ ಏರಿ ಹತ್ತಿಸಿದ್ದು

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೊರಡುವುದು ಎಂದು ವಾಟ್ಸಾಪ್ ಗ್ರೂಪಿನಲ್ಲಿ ಮೂರು ಸಲ ಹಾಕಿದ್ದೆ. ಮೂವರೂ ಕೈ ಮುಗಿದ ಚಿತ್ರ ಕಳಿಸಿದ್ದರು. ಏಳೂ ಮುಕ್ಕಾಲಿಗೆ ನಾನು ಕಡೂರಿನಲ್ಲಿ ನಮ್ಮ ಅಧ್ಯಕ್ಷರ ಮನೆಯ ಜಗಲಿಯ ಮೇಲೆ ಎರಡನೆಯ ಲೋಟ ಕಾಫಿ ಹಿಡಿದು ಕೂತಿದ್ದೆ. ಒಳಗೆ ಅಧ್ಯಕ್ಷರು ಇನ್ನೂ ಪೂಜೆಯಲ್ಲಿದ್ದರು. ಹೊರಗೆ ಬಾಡಿಗೆ ಓಮ್ನಿಯಲ್ಲಿ ಡ್ರೈವರ್ ಮಂಜಣ್ಣ ಸೀಟಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದ. ನಮ್ಮವರ ಅಭ್ಯಾಸ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಈ ಪ್ರಯಾಣ ಯಾಕೆ ಬೇಕಾಯಿತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಸಣ್ಣ ಸಂಸ್ಥೆ. ಸರ್ಕಾರಿ ಶಾಲೆಯ ಮಕ್ಕಳನ್ನು ಎರಡು ದಿನ ಕೆರೆ, ಗುಡ್ಡ, ಹುಲ್ಲುಗಾವಲು ಎಂದು ಸುತ್ತಿಸಿ, ಹಕ್ಕಿ, ಮಣ್ಣು, ನೀರು ತೋರಿಸಿ ಪಾಠ ಮಾಡುತ್ತೇವೆ. ನಾನು ಸಂಚಾಲಕಿ. ಅಂದರೆ ಡೇರೆ ಹೊರುವುದರಿಂದ ವರದಿ ಬರೆಯುವವರೆಗೆ ಎಲ್ಲ ನನ್ನ ತಲೆಯ ಮೇಲೆ. ನನ್ನ ಮೇಲೆ ಮೂವರು ಟ್ರಸ್ಟಿಗಳು, ಮೂರು ಊರಿನ ದೊಡ್ಡ ಮನುಷ್ಯರು. ಟ್ರಸ್ಟಿನ ನಿಯಮದಲ್ಲಿ ಒಂದು ಸಾಲಿದೆ: ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದಿದ್ದರೂ ಮೊದಲು ಟ್ರಸ್ಟಿಗಳು ಆ ಜಾಗವನ್ನು ನಡೆದು ನೋಡಿ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಆರು ವರ್ಷದಿಂದ "ನಡೆದು ನೋಡಿದೆವು" ಎಂದು ನಾನೇ ಬರೆದುಕೊಂಡು, ಮೂರೂ ಊರಿಗೆ ಬಸ್ಸಿನಲ್ಲಿ ಹೋಗಿ, ಅವರವರ ಸೋಫಾದ ಮೇಲೆ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲಂತೂ ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಕೆಲಸ ಮುಗಿಯುತ್ತಿತ್ತು.

ಈ ಸಲ ಟ್ರಸ್ಟಿಗಳು ಆ ಜಾಗದಲ್ಲೇ ನಿಂತಿರುವ ಜಿಪಿಎಸ್ ಫೋಟೊ ಬೇಕು ಎಂದು ಶಿಕ್ಷಣ ಇಲಾಖೆಯಿಂದ ಹೇಳಿಕಳಿಸಿದರು. ಶನಿವಾರ ಶಿವನಿಯ ಶಾಲೆಯಿಂದ ಏಳನೆಯ ತರಗತಿಯ ನಲವತ್ತು ಮಕ್ಕಳು ಬುಕ್ಕಾಂಬುಧಿ ಕೆರೆಗೆ ಬರುವುದಿತ್ತು. ಹೋದ ವರ್ಷ ಅದೇ ಶಾಲೆಯ ದೊಡ್ಡ ಮಕ್ಕಳು ಹೋಗಿ ಬಂದು ಹೇಳಿದ ಕತೆ ಕೇಳಿ ಇವರು ವರ್ಷವಿಡೀ ಕಾದಿದ್ದರು. ಈ ಶನಿವಾರ ತಪ್ಪಿದರೆ ಮುಂದೆ ಪರೀಕ್ಷೆ, ಆಮೇಲೆ ಮಕ್ಕಳು ಬೇರೆ ಬೇರೆ ಹೈಸ್ಕೂಲಿಗೆ ಚದುರಿಬಿಡುತ್ತಾರೆ. ಗುರುವಾರ ಸಂಜೆ ಐದರೊಳಗೆ ಫೋಟೊ ಮತ್ತು ಮೂರು ಸಹಿ ಕಳಿಸಿದರೆ ಮಾತ್ರ ಅನುಮತಿ. ನಾನು ಜಗಲಿಯ ಮೇಲೆ ಕೂತಿದ್ದದ್ದು ಅದೇ ಗುರುವಾರ.

ಅಧ್ಯಕ್ಷರು ನಂಜುಂಡಪ್ಪನವರು ಎಂಟೂಕಾಲಿಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಹೊರಗೆ ಬಂದರು. ಕೊಬ್ಬರಿ ವ್ಯಾಪಾರಸ್ಥರು, ನಾಲ್ಕು ಸಂಘಗಳ ಅಧ್ಯಕ್ಷರು, ಮಾತಿಗೆ ನಿಂತರೆ ಮೈಕು ಕಿತ್ತುಕೊಳ್ಳಬೇಕು. "ಲೇಟಾಯ್ತೇನಮ್ಮ?" ಎಂದರು. "ಸ್ವಲ್ಪ ಸಾರ್" ಎಂದೆ. ಹಲ್ಲು ಕಚ್ಚಿಕೊಂಡು ಮಾತಾಡುವುದನ್ನು ಈ ಕೆಲಸಕ್ಕೆ ಸೇರಿದ ಮೇಲೆ ಕಲಿತಿದ್ದೇನೆ.

ಕಡೂರಿನಿಂದ ತರೀಕೆರೆಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಬಸ್ಸಾದರೆ ಒಂದು ಗಂಟೆ. ನಮಗೆ ಎರಡು ಗಂಟೆಯಾಯಿತು. ಊರು ದಾಟುವ ಮೊದಲೇ ಯಾರೋ ಕೈ ಅಡ್ಡ ಹಿಡಿದು ಮಗಳ ಮದುವೆ ಪತ್ರಿಕೆ ಕೊಟ್ಟರು. ಪತ್ರಿಕೆಯನ್ನು ಗಾಡಿಯಲ್ಲಿ ಕೂತು ತೆಗೆದುಕೊಳ್ಳಬಾರದಂತೆ, ಇಳಿದರು. ಬೀರೂರಿನಲ್ಲಿ ಒಬ್ಬರ ತಂದೆ ತೀರಿಕೊಂಡು ಹದಿನೈದು ದಿನವಾಗಿತ್ತು, "ಈ ದಾರೀಲಿ ಹೋಗಿ ಮುಖ ತೋರಿಸ್ದೆ ಇದ್ರೆ ಚೆನ್ನಾಗಿರಲ್ಲ" ಎಂದು ಮತ್ತೆ ಇಳಿದರು. ಅದನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅಲ್ಲಿಂದ ಮುಂದೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಲು ಹರವಿದ್ದರು. ಮಂಜಣ್ಣ ಉಳಿದ ಅರ್ಧದಲ್ಲಿ ಲಾರಿಗಳಿಗೆ ದಾರಿ ಬಿಟ್ಟುಕೊಂಡು ತೆವಳಿಸಿದ. ಮಳೆಗಾಲ ಮುಗಿದ ಬಿಸಿಲು ಚುರುಕಾಗಿತ್ತು.

ತರೀಕೆರೆಯಲ್ಲಿ ನಮ್ಮ ಎರಡನೆಯ ಟ್ರಸ್ಟಿ ಲಾಯರ್ ರಾಮಚಂದ್ರಯ್ಯನವರು ಆಫೀಸಿನ ಬಾಗಿಲಲ್ಲಿ ಕಾಯುತ್ತಿದ್ದರು. ಸದ್ಯ, ಇವರಾದರೂ ತಯಾರಾಗಿದ್ದಾರೆ ಎಂದುಕೊಂಡೆ. ಒಳಗೆ ನೋಡಿದರೆ ಕುರ್ಚಿ ಸಾಲಾಗಿ ಇಟ್ಟಿದೆ, ಹತ್ತು ಜನ ಕೂತಿದ್ದಾರೆ, ಮೇಜಿನ ಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಅಧ್ಯಕ್ಷರು ಹೋದ ತಿಂಗಳು ಇನ್ಯಾವುದೋ ಸಂಘಕ್ಕೂ ಅಧ್ಯಕ್ಷರಾಗಿದ್ದರು, ಅದಕ್ಕೆ ಸನ್ಮಾನ.

"ಅಧ್ಯಕ್ಷರು ನಮ್ಮೂರಿಗೆ ಬರೋದೇ ಅಪರೂಪ ಕಣ್ರೀ. ಹತ್ತೇ ನಿಮಿಷ" ಎಂದರು ಲಾಯರು.

ಅಧ್ಯಕ್ಷರ ಉತ್ತರ ಭಾಷಣವೇ ಇಪ್ಪತ್ತೈದು ನಿಮಿಷ. ಮಕ್ಕಳು ಪ್ರಕೃತಿಯ ಮಡಿಲಲ್ಲಿ ಕಲಿಯಬೇಕು ಎಂದು ಒತ್ತಿ ಒತ್ತಿ ಹೇಳಿದರು. ನಾನು ಗಡಿಯಾರ ನೋಡುತ್ತಾ ಚಪ್ಪಾಳೆ ತಟ್ಟಿದೆ. ಅದು ಮುಗಿಯಿತು ಎನ್ನುವಾಗ ಲಾಯರು ನನ್ನ ಸಹಿಯ ಪುಸ್ತಕ ಇಸಿದುಕೊಂಡು "ನಡೆದು ನೋಡಿದೆವು" ಎಂಬ ಸಾಲಿನ ಮೇಲೆ ಬೆರಳಿಟ್ಟರು. "ಇದು ಸರಿಯಾದ ಪದ ಅಲ್ಲ. ಖುದ್ದು ಪರಿಶೀಲಿಸಲಾಗಿದೆ ಅಂತಿರಬೇಕು." ಆ ನಿಯಮದ ಸಾಲು ಬರೆದವರೇ ಅವರು. ಬರೆದ ಮೇಲೆ ಒಂದು ಸಲವೂ ಪರಿಶೀಲಿಸಲು ಹೊರಟವರಲ್ಲ. ಅಷ್ಟನ್ನು ನುಂಗಿಕೊಂಡು "ಗಾಡೀಲಿ ತಿದ್ದೋಣ ಸಾರ್" ಎಂದೆ.

ಗಾಡಿಯ ಹತ್ತಿರ ಇನ್ನೊಂದು. ಮುಂದಿನ ಸೀಟಿನಲ್ಲಿ ಯಾರು ಕೂರುವುದು? "ನೀವು ಹಿರಿಯರು, ಕೂತ್ಕಳಿ" ಎಂದರು ಲಾಯರು. "ಛೆ ಛೆ, ಇದು ನಿಮ್ಮೂರು, ನೀವು ಕೂತ್ಕಳಿ" ಎಂದರು ಅಧ್ಯಕ್ಷರು. ಬಿಸಿಲಲ್ಲಿ ಐದು ನಿಮಿಷ ಒಬ್ಬರ ತೋಳು ಒಬ್ಬರು ಹಿಡಿದು ಮುಂದಕ್ಕೆ ದಬ್ಬಿದರು. ಕೊನೆಗೆ ಇಬ್ಬರೂ ಹಿಂದೆ ನನ್ನ ಪಕ್ಕ ಇರುಕಿಕೊಂಡು ಕೂತರು. ಮುಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಆರಾಮಾಗಿ ಪ್ರಯಾಣ ಮಾಡಿತು.

ಅಜ್ಜಂಪುರ ಮುಟ್ಟಿದಾಗ ಹನ್ನೆರಡೂವರೆ. ಮೂರನೆಯ ಟ್ರಸ್ಟಿ ಬಸಮ್ಮನವರ ಮನೆ ಊರಿನ ಅಂಚಿನಲ್ಲಿದೆ. ಎಪ್ಪತ್ತರ ಹತ್ತಿರದ ಹೆಂಗಸು. ಹೆಣ್ಣುಮಕ್ಕಳ ಹಾಲಿನ ಸಂಘ ಕಟ್ಟಿ ನಡೆಸುವವರು, ತೆಂಗಿನ ತೋಟ, ಬೆದ್ದಲು ಹೊಲ ಎರಡನ್ನೂ ತಾವೇ ನೋಡಿಕೊಳ್ಳುವವರು. ಸಭೆಯಲ್ಲಿ ಬಾಯಿ ಬಿಡುವುದೇ ಕಡಿಮೆ. ಗಾಡಿ ನಿಲ್ಲಿಸಬೇಡ, ಹಾರ್ನ್ ಹೊಡಿ ಸಾಕು ಎಂದು ಮಂಜಣ್ಣನಿಗೆ ಹೇಳಿದ್ದೆ. ಹಾರ್ನ್ ಕೇಳಿ ಬಸಮ್ಮ ಹೊರಗೆ ಬಂದು, "ಕೈ ಕಾಲು ತೊಳ್ಕಂಡು ಬನ್ನಿ, ಎಲೆ ಹಾಕೈತೆ" ಎಂದರು.

"ಬೇಡಮ್ಮ, ಹೊತ್ತಾಗೋಗಿದೆ" ಎಂದೆ.

"ಹೊತ್ತಾಗಿರೋದಕ್ಕೇ ಉಣ್ಣು ಅಂತಿರೋದು."

ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಪಲ್ಯ, ಮೇಲೆ ಗಟ್ಟಿ ಮೊಸರು. ಊಟ ರುಚಿಯಾಗಿತ್ತು, ಅದು ಇನ್ನೂ ಸಿಟ್ಟು ತರಿಸಿತು. ಅಧ್ಯಕ್ಷರು ಎರಡನೆಯ ಮುದ್ದೆ ಹಾಕಿಸಿಕೊಂಡರು. ಎಲೆ ಎತ್ತಿದ ಮೇಲೆ ಬಸಮ್ಮ ಹೊರಡುತ್ತಾರೆ ಎಂದರೆ ಒಳಗೆ ಹೋಗಿ ಮೊರ ಹುಡುಕತೊಡಗಿದರು. ಕೆರೆ ತುಂಬಿದೆ, ಗಂಗಮ್ಮನಿಗೆ ಬಾಗಿನ ಕೊಡಬೇಕು, ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಜೋಡಿಸಬೇಕು. ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ. ನಲವತ್ತು ಮಕ್ಕಳ ಶನಿವಾರ ಒಂದು ಮೊರದ ಬಳೆಗಾಗಿ ಕೈತಪ್ಪುತ್ತದೆ ಎಂದು ಅಳು ಬರುವಷ್ಟಾಯಿತು. ಹೊರಟಾಗ ಎರಡು ಗಂಟೆ.

ಬುಕ್ಕಾಂಬುಧಿ ಕೆರೆ ನೋಡಿದ ತಕ್ಷಣ ಮನಸ್ಸು ಸ್ವಲ್ಪ ತಣ್ಣಗಾಯಿತು. ಏರಿಯ ಅಂಚಿನಿಂದ ಕಣ್ಣು ಹೋಗುವವರೆಗೂ ನೀರು. ನಡುವೆ ಬೆಳ್ಳಕ್ಕಿ, ನೀರುಕಾಗೆ. ಏರಿ ಮುಗಿದು ದಡ ಇಳಿಜಾರಾಗುವ ಕಡೆ ಹುಲ್ಲು ಬೆಳೆದ ಒಂದು ಸಮತಟ್ಟು ಜಾಗವಿದೆ. ಮಕ್ಕಳನ್ನು ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ನಿಲ್ಲಿಸಿ, ಬಲೆ ಆಡಿಸಿ, ಬಾಟಲಿಗಳಲ್ಲಿ ನೀರು ಹಿಡಿಸುವುದು ಅಲ್ಲೇ. ಹೋದ ವರ್ಷವೂ ಅಲ್ಲೇ ಮಾಡಿದ್ದೆವು.

ಏರಿಯ ಮೇಲೆ ಮೂವರನ್ನೂ ನಿಲ್ಲಿಸಿ ಫೋಟೊ ತೆಗೆದೆ. ಮೊದಲು ಸಿಗ್ನಲ್ ಸಿಗಲಿಲ್ಲ, ಆಮೇಲೆ ಅಧ್ಯಕ್ಷರು ಕಣ್ಣು ಮುಚ್ಚಿದರು, ಮೂರನೆಯದು ಸರಿಬಂತು. ಗಂಟೆ ಎರಡೂ ಮುಕ್ಕಾಲು. ಪುಸ್ತಕ ತೆರೆದು ಪೆನ್ನು ಕೊಟ್ಟೆ. ಅಧ್ಯಕ್ಷರು ಗಾಡಿಯ ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಲು ಬಗ್ಗಿದರು.

"ಏನು ಬರ್ದಿದೀಯ ತಾಯಿ, ಓದು" ಎಂದರು ಬಸಮ್ಮ.

ಓದಿದೆ.

"ಎಲ್ಲಿ ನಡೆದ್ವಿ? ಗಾಡಿಯಿಂದ ಇಳ್ದು ಹತ್ತು ಹೆಜ್ಜೆ ಹಾಕಿಲ್ಲ."

"ಅಮ್ಮ, ಫೋಟೊ ಆಯ್ತಲ್ಲ" ಎಂದೆ. ನನ್ನ ದನಿ ಏರಿತ್ತು. "ಐದು ಗಂಟೆಯೊಳಗೆ ಕಳಿಸ್ಬೇಕು. ಸಹಿ ಹಾಕ್ಬಿಡಿ. ನನಗೆ ಈ ಜಾಗ ಗೊತ್ತು. ಆರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ."

"ಮನೆಗೆ ತಂದಾಗ ನೀನು ನೋಡಿರ್ತೀಯ ಅಂತ ನಂಬಿ ಹಾಕ್ತಿದ್ದೆ. ಈಗ ಇಲ್ಲಿಗೇ ಬಂದಿದೀನಿ. ಮೊದ್ಲು ಬಾಗಿನ ಕೊಡಾನ, ಆಮೇಲೆ ನಡೆಯಾನ, ಆಮೇಲೆ ಸಹಿ."

ಲಾಯರು ಪಾಲಿಶ್ ಮಾಡಿದ ಬೂಟು ನೋಡಿಕೊಂಡು "ಬಾಗಿನ ಇಲ್ಲಿಂದ್ಲೇ ಬಿಡಬಹುದಲ್ವಾ?" ಎಂದರು.

"ಮೇಲಿಂದ ಎಸೆಯೋಕೆ ಅದೇನು ಕಸವಾ ಸ್ವಾಮಿ? ನೀರಿಗೆ ಇಳ್ದು ಕೊಡ್ಬೇಕು" ಎಂದು ಬಸಮ್ಮ ಚಪ್ಪಲಿ ಬಿಟ್ಟು, ಮೊರವನ್ನು ಸೆರಗಿನ ಕೆಳಗೆ ಹಿಡಿದು, ಅದೇ ಸಮತಟ್ಟು ಜಾಗಕ್ಕೆ ನಡೆದರು. ನಾನು ಹಿಂದೆಯೇ ಗೊಣಗುತ್ತಾ ಹೋದೆ. ಮೀನಿನವರು ಬಿಟ್ಟುಹೋದ ಬಿದಿರು ಗಳವೊಂದು ದಡದಲ್ಲಿ ಬಿದ್ದಿತ್ತು, ಅದನ್ನು ಊರುಗೋಲಿಗೆ ಎತ್ತಿಕೊಂಡರು. ಮೊದಲ ಹೆಜ್ಜೆಗೆ ನೀರು ಪಾದ ಮುಚ್ಚಿತು, ನಾಲ್ಕನೆಯದಕ್ಕೆ ಮೀನಖಂಡ. ಬಾಗಿನ ತೇಲಿಬಿಟ್ಟು, ನೀರು ತಲೆಗೆ ಪ್ರೋಕ್ಷಿಸಿಕೊಂಡು, ಹಾಗೇ ಗಳವನ್ನು ಮುಂದಕ್ಕೆ ಊರಿದರು. ನನ್ನ ಎತ್ತರ ಮೀರಿದ ಗಳ ಅದು. ಅವರ ಕೈ ಹಿಡಿದಲ್ಲಿಯವರೆಗೂ ಇಳಿದುಹೋಯಿತು.

ಬಸಮ್ಮ ಹಂದಾಡಲಿಲ್ಲ. "ಅಲ್ಲೇ ನಿಂತ್ಕ. ಬರ್ಬೇಡ" ಎಂದರು ನನಗೆ.

ನಿಧಾನವಾಗಿ ಹಿಂದೆ ಹೆಜ್ಜೆ ಹಾಕಿ ಬಂದು ದಡದ ಹುಲ್ಲು ಸರಿಸಿ ತೋರಿಸಿದರು. ಟ್ರ್ಯಾಕ್ಟರ್ ಚಕ್ರದ ಗುರುತು ನೇರವಾಗಿ ನೀರಿನೊಳಕ್ಕೆ ಹೋಗಿತ್ತು. "ಬೇಸಿಗೇಲಿ ನೀರು ಹಿಂದಕ್ಕೆ ಹೋದಾಗ ಯಾರೋ ತೋಟಕ್ಕೆ ಗೋಡು ಹೊಡ್ದಿದಾರೆ. ಹೂಳು ಮಣ್ಣು ತೆಗ್ದ ಗುಂಡಿ ಹಂಗೇ ಬಿಟ್ಟಿದಾರೆ. ಮೇಲೆ ನೀರು ನಿಂತೈತೆ, ಹೆಂಗೆ ಕಾಣುತ್ತೆ?"

ಆಮೇಲೆ ಯಾರೂ ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿದರು. ಲಾಯರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದರು. ಶನಿವಾರ ಮಕ್ಕಳು ನಡೆಯಬೇಕಿದ್ದ ದಡವನ್ನು ಉದ್ದಕ್ಕೂ ಗಳ ಊರುತ್ತಾ ನಡೆದೆವು. ಏಳು ಕಡೆ ಗಳ ತಳ ಮುಟ್ಟಲಿಲ್ಲ. ಮೂರನೆಯದರ ಹೊತ್ತಿಗೆ ಪುಸ್ತಕವನ್ನು ಲಾಯರ ಕೈಗೆ ಕೊಟ್ಟೆ.

"ಏರಿ ಮೇಲೇ ನಿಲ್ಸಿ ತೋರಿಸಿದ್ರೆ?" ಎಂದರು ಅಧ್ಯಕ್ಷರು, ಮೆಲ್ಲಗೆ.

ಬಸಮ್ಮ ನನ್ನನ್ನು ಕೇಳಿದರು: "ನಲವತ್ತು ಮಕ್ಳಿಗೆ ಇಷ್ಟು ನೀರು ತೋರ್ಸಿ, ಇಳೀಬೇಡಿ ಅಂತ ತಡ್ಯೋಕೆ ನಿನ್ ಕೈಲಾಗುತ್ತಾ?"

"ಇಲ್ಲಮ್ಮ" ಎಂದೆ.

ಲಾಯರು ನನ್ನ ಸಾಲಿನ ಪದ ತಿದ್ದಲಿಲ್ಲ. ಕೆಳಗೆ ತಮ್ಮ ಕೈಯಿಂದಲೇ "ಮಕ್ಕಳನ್ನು ಇಲ್ಲಿಗೆ ಕರೆತರುವುದು ಬೇಡ" ಎಂದು ಬರೆದರು. ಮೂವರೂ ಸಹಿ ಮಾಡಿದರು. ಬೆಳಗಿನಿಂದ ನಾನು ಅಷ್ಟು ಒದ್ದಾಡಿದ್ದ ಮೂರು ಸಹಿ ಎರಡು ನಿಮಿಷದಲ್ಲಿ ಸಿಕ್ಕವು.

ಶಿವನಿಯ ಹೆಡ್‌ಮಿಸ್ ಅವರಿಗೆ ಫೋನ್ ಮಾಡಿ ಗುಂಡಿಗಳ ವಿಷಯ ಹೇಳಿದೆ. "ಒಳ್ಳೇದಾಯ್ತು ಮೇಡಂ, ಮೊದ್ಲೇ ಗೊತ್ತಾಯ್ತು. ಆದ್ರೆ ಮಕ್ಕಳಿಗೆ ನಾನು ಹೇಳಲ್ಲ. ನನ್ ಕೈಲಾಗಲ್ಲ. ನೀವೇ ಬಂದು ಹೇಳಿ." ಅವರ ಮೇಲೂ ಸಿಟ್ಟು ಬಂತು. ಬೆಳಗಿನಿಂದ ಯಾರ ಮೇಲೆ ಬಂದಿರಲಿಲ್ಲ ಹೇಳಿ.

ವಾಪಸು ಅಜ್ಜಂಪುರಕ್ಕೆ ಬಂದು ಶಿವನಿ ರಸ್ತೆ ಹಿಡಿದೆವು. ಬಸಮ್ಮ ಮನೆಯ ಹತ್ತಿರ ಇಳಿಯಲಿಲ್ಲ, ಲಾಯರು ಬಸ್ಸಿಗೆ ಹೋಗುತ್ತೇನೆ ಎನ್ನಲಿಲ್ಲ. ಶಾಲೆ ಬಿಡಲು ಹತ್ತು ನಿಮಿಷವಿದ್ದಾಗ ತಲುಪಿದೆವು. ಮಕ್ಕಳು ನಮ್ಮನ್ನು ನೋಡಿದ್ದೇ ತಡ, ಶನಿವಾರ ಎಷ್ಟು ಗಂಟೆಗೆ ಬಸ್ಸು ಎಂದು ಕಿರುಚತೊಡಗಿದರು.

ಅಧ್ಯಕ್ಷರು ಮುಂದೆ ನಿಂತರು. ಪಂಚೆಯ ಅಂಚು ಕೆಸರಾಗಿತ್ತು. ಭಾಷಣ ಶುರುವಾಗುತ್ತದೆ ಎಂದು ನಾನು ಹೆದರಿದೆ. ಅವರು ಹೇಳಿದ್ದು ಇಷ್ಟೇ: "ಕೆರೇಲಿ ಗುಂಡಿ ಬಿದ್ದಿದಾವೆ ಮಕ್ಳೇ, ಆಳ ಐತೆ. ಶನಿವಾರ ಹೋಗಕ್ಕಾಗಲ್ಲ. ನಮ್ಮನ್ನ ಬೈಕೊಳ್ಳಿ, ಪರವಾಗಿಲ್ಲ."

ಗದ್ದಲ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಅತ್ತರು. ಮುಂದಿನ ಬೆಂಚಿನಿಂದ ಎರಡು ಜಡೆಯ ಒಬ್ಬಳು ಎದ್ದಳು.

"ನೀವೇ ಹೋಗಿ ನೋಡಿದ್ರಾ ಸಾರ್?"

"ಹ್ಞೂಂ ಕಣಮ್ಮ. ಈಗ ಅಲ್ಲಿಂದ್ಲೇ ಬಂದ್ವಿ. ಮೂರು ಜನಾನೂ ನಡ್ದು ನೋಡಿದ್ವಿ."

"ಹೋದ ವರ್ಷ ನಮ್ಮಕ್ಕ ಅದೇ ನೀರಿಗೆ ಇಳಿದಿದ್ಲು. ಆಗ್ಲೂ ನೋಡಿದ್ರಾ?"

ಅಧ್ಯಕ್ಷರು ನನ್ನ ಕಡೆ ನೋಡಿದರು. ಲಾಯರು ಕಿಟಕಿಯ ಕಡೆ ತಿರುಗಿದರು. ಆ ಪುಸ್ತಕದಲ್ಲಿ ಹೋದ ವರ್ಷದ ಪುಟವನ್ನೂ ಬರೆದವಳು ನಾನು.

"ಇಲ್ಲ ಪುಟ್ಟ" ಎಂದೆ. "ನೋಡಿರಲಿಲ್ಲ."

ಅವಳು ಕೂತಳು. ಶಾಲೆ ಬಿಟ್ಟ ಗಂಟೆ ಹೊಡೆಯಿತು.

ಗಾಡಿ ಹೊರಟಾಗ ಹಿಂದಿನ ಗಾಜಿನಿಂದ ನೋಡಿದೆ. ಗೇಟಿನ ಹತ್ತಿರ ಹೈಸ್ಕೂಲಿನ ಯೂನಿಫಾರ್ಮಿನಲ್ಲಿ ಒಬ್ಬ ಹುಡುಗಿ ಸೈಕಲ್ ಹಿಡಿದು ಕಾಯುತ್ತಿದ್ದಳು. ಎರಡು ಜಡೆಯವಳು ಅವಳ ತೋಳು ಎಳೆದು ಏನೋ ಹೇಳಿದಳು. ಅಕ್ಕ ತಲೆಯೆತ್ತಿ ನಮ್ಮ ಗಾಡಿಯ ಕಡೆ ನೋಡಿದಳು. ಗಾಡಿ ತಿರುವು ದಾಟುವವರೆಗೂ ನೋಡುತ್ತಲೇ ಇದ್ದಳು.