ದೀಪ ಹಚ್ಚಿದರೆ ಶುರುವಾಗುವ ಆಟ

ಬೆಳಗಿನ ಐದು ಗಂಟೆ. ಪುಣೆ ಬಳಿಯ ಚಿಂಚವಾಡದ ಕಾರ್ಮಿಕರ ಕಾಲೊನಿಯ ಒಂದು ಕೋಣೆಯ ಮನೆಯಲ್ಲಿ ಯಂಕವ್ವ ಕೌದಿ ಹೊದ್ದು ಕೂತು ಕಥೆ ಹೇಳುತ್ತಿದ್ದಾರೆ. ಮಗ ಅವ್ವಣ್ಣ ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣದ ಚೌಕಗಳನ್ನು ಒಂದೊಂದಾಗಿ ಇಡುತ್ತ, ನಡುನಡುವೆ ‘ಹೂಂ’ ಅನ್ನುತ್ತಾರೆ. ಹೂಂಗುಟ್ಟದಿದ್ದರೆ ಕಥೆ ನಿಲ್ಲುತ್ತದೆ. ಕಿಟಕಿಯಲ್ಲಿ ಬೆಳಕು ಹರಿದರೂ ನಿಲ್ಲುತ್ತದೆ. ಹಗಲಲ್ಲಿ ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ಯಂಕವ್ವನವರ ನಂಬಿಕೆ.

ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. ಅವ್ವಣ್ಣನಿಗೆ ಈಗ ನಲವತ್ಮೂರು. ಚಾಕಣದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುತ್ತಾರೆ. ಪಾಳಿಗೆ ಆರುನೂರು ಬಿಡಿಭಾಗ ಅವರ ಕೈದಾಟಿ ಹೋಗುತ್ತವೆ. ಆರೂಕಾಲಿಗೆ ಕಂಪನಿ ಬಸ್ಸು. ಅದಕ್ಕೂ ಮುಂಚಿನ ಒಂದು ತಾಸಿನಲ್ಲಿ, ನಾಲ್ಕು ವರ್ಷಗಳಿಂದ, ಅವರು ಕಟ್ಟುತ್ತಿರುವುದು ‘ಏಳು ಕೊಳ್ಳ’ ಎಂಬ ಕಂಪ್ಯೂಟರ್ ಆಟ.

ಅವರು ಹುಡುಗರಾಗಿದ್ದಾಗಿನ ವಿಡಿಯೊ ಆಟಗಳಂತೆ ಇದರಲ್ಲೂ ದಪ್ಪ ಚೌಕಗಳ ಚಿತ್ರ. “ಅಂಗಡಿ ಬಾಗಲದಾಗ ನಿಂತು ನೋಡೀನ್ರಿ, ಆಡಿಲ್ಲ,” ಎಂದು ನಗುತ್ತಾರೆ. ಕಾರ್ಖಾನೆಯ ಆಫೀಸಿನವರು ಬೇಡವೆಂದ ಕಂಪ್ಯೂಟರನ್ನು ಕೇಳಿ ತಂದರು, ಹಿಂದಿ ವಿಡಿಯೊ ನೋಡಿ ಆಟ ಕಟ್ಟುವುದನ್ನು ಕಲಿತರು. ಚಿತ್ರ ಕಲಿಸಿದ್ದು ಮಾತ್ರ ಅವ್ವ ಹಳೆ ಬಟ್ಟೆಯ ಚೂರುಗಳಿಂದ ಹೊಲಿದ ಕೌದಿ. “ತುಂಡು ತುಂಡು ಜೋಡಿಸೂದ ಅಲ್ಲೇನ್ರಿ? ಇದೂ ಹಂಗ.”

ಅವ್ವ ಹೇಳುವ ಕಥೆಯೇ ಆಟ. ನಾಯಕಿ ಒನಕೆ ಹಿಡಿದ ಹುಡುಗಿ. ಕಲ್ಲಾಗಿ ನಿಂತ ಅಣ್ಣಂದಿರನ್ನು ಹುಡುಕಿಕೊಂಡು ಏಳು ಕೊಳ್ಳ ದಾಟುತ್ತಾಳೆ. ಸೋತಾಗ ಜೋಳದ ರೊಟ್ಟಿ ತಿಂದರೆ ಮತ್ತೆ ಬಲ. ಪ್ರತಿ ಕೊಳ್ಳದ ದಾರಿ ಹೇಳುವವಳು ಒಬ್ಬ ಮುದುಕಿ. ಕೀಲಿಮಣೆಯ ಗುಂಡಿ ಒತ್ತಿ ‘ಹೂಂ’ ಅನ್ನುತ್ತಿದ್ದರಷ್ಟೇ ಹೇಳುತ್ತಾಳೆ. ಹಗಲಲ್ಲಿ ಬಾಯಿಯೇ ಬಿಡುವುದಿಲ್ಲ. ಮುಗಿದಷ್ಟು ಆಟವನ್ನು ಅಂತರ್ಜಾಲದಲ್ಲಿ ಹಾಕಿದಾಗ, ಆಡಿದ ಇನ್ನೂರ ಮೂವತ್ತು ಮಂದಿಯಲ್ಲಿ ಹಲವರು, ಆಟ ಕೆಟ್ಟಿದೆ ಸರಿಪಡಿಸಿ, ಎಂದು ಬರೆದರು. ಅವ್ವಣ್ಣ ಸರಿಪಡಿಸಲಿಲ್ಲ.

ಹೋದ ವರ್ಷ ಶಿವಕಾಂತಾ ಎಂಬ ನರ್ಸ್ ಬರೆದದ್ದು ಬೇರೆ ಥರ. ಅಫಜಲಪುರದವರು, ಪುಣೆಯ ಆಸ್ಪತ್ರೆಯಲ್ಲಿ ಸದಾ ರಾತ್ರಿಪಾಳಿ, ಮನೆಯಲ್ಲಿರುವುದೇ ಹಗಲು. ತನ್ನ ಅಜ್ಜಿ ಹೇಳುತ್ತಿದ್ದಂಥ ಕಥೆಯೇ ಇದು, ತನಗೆ ಮಾತ್ರ ಕೇಳುವ ಯೋಗವಿಲ್ಲ, ಅಂದಿದ್ದರು. ಮನ ಕರಗಿ ಅವ್ವಣ್ಣ ಸದ್ದಿಲ್ಲದೆ ಮುದುಕಿ ಹಗಲಲ್ಲೂ ಕಥೆ ಹೇಳುವಂತೆ ಮಾಡಿಬಿಟ್ಟರು.

ರಜೆಯ ದಿನ ಮಧ್ಯಾಹ್ನ ಅದನ್ನು ಪರೀಕ್ಷಿಸುವಾಗ ಯಂಕವ್ವ ನೋಡಿದರು. ಬೈಯಲಿಲ್ಲ. ಮರುದಿನದಿಂದ ಕಥೆ ನಿಲ್ಲಿಸಿದರು. ಆರು ಕೊಳ್ಳ ಮುಗಿದಿದ್ದವು. ಏಳನೆಯದು ಅವರ ಬಾಯಲ್ಲೇ ಇತ್ತು. ಅದಿಲ್ಲದೆ ಅಣ್ಣಂದಿರು ಕಲ್ಲಾಗಿಯೇ ಉಳಿಯಬೇಕು. ಎಂಟು ಮುಂಜಾನೆ ಮಗ ಖಾಲಿ ಪರದೆ ನೋಡುತ್ತ ಕೂತರು. ಒಂಬತ್ತನೆಯ ದಿನ ಶಿವಕಾಂತಾ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದರು.

ಯಂಕವ್ವ ಕೇಳಿದರಂತೆ: “ರಾತ್ರೆಲ್ಲಾ ಮಂದೀನ ಕಾದು ಬರೂ ಹುಡುಗಿಗೆ ಹೊತ್ತು ಮುಳುಗೂದು ಯಾವಾಗೋ ತಮ್ಮಾ? ಮನಿಗೆ ಬಂದಾಗ ಅಲ್ಲೇನು? ಆಕಿ ಬಾಗಲಾ ಮುಚ್ಚಿ ದೀಪಾ ಹಚ್ಚಲಿ. ಆಮ್ಯಾಲ ನಾ ಹೇಳತೀನಿ.”

ಈಗ ಆಟದೊಳಗೆ ಒಂದು ಪಣತಿ ಇದೆ. ಹಗಲಲ್ಲಿ ಆಡುವವರು ಗುಡಿಸಲಿನ ಬಾಗಿಲು ಮುಚ್ಚಿ ಅದನ್ನು ಹಚ್ಚಬೇಕು. ಪರದೆ ಕತ್ತಲಾಗುತ್ತದೆ, ಮುದುಕಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾಳೆ. ಶಿವಕಾಂತಾ ಆರನೆಯ ಕೊಳ್ಳದಲ್ಲಿದ್ದಾರೆ. ಪಾಳಿ ಮುಗಿದ ಮೇಲೆ ನಿದ್ದೆ ಬರುವುದೇ ಈ ದೀಪದಿಂದ, ಕಥೆ ಹೇಳುವ ಅಜ್ಜಿಗೆ ನನ್ನ ಶರಣು ಹೇಳಿ, ಎಂದು ಬರೆದಿದ್ದಾರೆ. ಅದನ್ನು ಕೇಳಿ ಯಂಕವ್ವ, ಆ ಹುಡುಗಿ ಉಂಡಾಳೋ ಇಲ್ಲೋ ಕೇಳು, ಅಂದರಂತೆ.

ಕಿಟಕಿ ಬೆಳ್ಳಗಾಗುತ್ತದೆ. ಏಳನೆಯ ಕೊಳ್ಳದ ಅರ್ಧದಾರಿಯಲ್ಲಿ ಯಂಕವ್ವ ಮಾತು ನಿಲ್ಲಿಸಿ ಚಹಕ್ಕೆ ಏಳುತ್ತಾರೆ. ಆಟ ಯಾವಾಗ ಮುಗಿಯಬೇಕೆಂದು ಆಸೆ ಎಂದು ಕೇಳಿದರೆ, ಊಟದ ಡಬ್ಬಿಯನ್ನು ಚೀಲದಲ್ಲಿಡುತ್ತಿದ್ದ ಅವ್ವಣ್ಣ ದನಿ ತಗ್ಗಿಸುತ್ತಾರೆ.

“ಲಗೂನ ಮುಗೀಲಿ ಅಂತ ಆ ನರ್ಸಬಾಯಿ ಸಲುವಾಗಿ ಅನಸ್ತದ್ರಿ. ನನ್ನ ಕೇಳಿದ್ರ... ಅವ್ವ ಹೇಳ್ಕೋತ ಇರಲಿ, ನಾ ಹೂಂ ಅನಕೋತ ಇರತೀನಿ.”