ಅಮೆರಿಕದ ಹಿರಿಯರಿಗೆ ಗಂಧದ ಮಾಲೆ

ಊಟಕ್ಕೆ ಬಂದ ನನ್ನ ಅಮೆರಿಕನ್ ಮ್ಯಾನೇಜರ್, ಗಲ್ಫಿನ ಅಲ್ ಸದ್ದ್ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಕಂಬದಂತೆ ನಿಂತುಬಿಟ್ಟರು. ಎದುರಿನ ಗೋಡೆಯಲ್ಲಿ ಅವರೇ ಉಡುಗೊರೆ ಕೊಟ್ಟಿದ್ದ, ಅವರ ದೇಶದ ಮೊದಲ ಅಧ್ಯಕ್ಷರ ವರ್ಣಚಿತ್ರ. ಬಿಳಿಗೂದಲಿನ ಕೆಳಗೆ ಹಣೆಗೆ ಕುಂಕುಮ, ಚೌಕಟ್ಟಿಗೆ ಗಂಧದ ಮಾಲೆ! ಕುಂದಾಪುರದಿಂದ ಬಂದಿದ್ದ ಅತ್ತೆಯ ಕೆಲಸ. ನನ್ನ ಬಡ್ತಿ ಹೋಯಿತು ಅಂದುಕೊಂಡೆ.

“ತೀರಿಹೋದ ಹಿರಿಯರನ್ನ ಬೋಳು ಹಣೆಯಲ್ಲಿ ನೇತುಹಾಕುದಾ ಮಾರಾಯ್ತಿ?” ಎಂದು ಅತ್ತೆ ನನಗೇ ಗದರಿದರು.

ಚಿತ್ರದಲ್ಲಿರುವವರು ಇಡೀ ಅಮೆರಿಕಕ್ಕೇ ಅಪ್ಪನಂತೆ ಎಂದೆ.

“ಹಾಗಾದ್ರೆ ಇವರನ್ನ ಕೇಳು, ಮಕ್ಕಳೆಲ್ಲ ಒಟ್ಟಿಗಿದ್ದಾರಾ, ಪಾಲಾಯ್ತಾ?”

ಅಳುಕುತ್ತಲೇ ಇಂಗ್ಲಿಷಿನಲ್ಲಿ ಕೇಳಿದೆ. ಮ್ಯಾನೇಜರ್ ಚಿತ್ರವನ್ನೊಮ್ಮೆ ನೋಡಿ ನಕ್ಕರು. “ಪಾಲಾಗಿಲ್ಲ. ಮಾತು ಬಿಟ್ಟಿದ್ದಾರೆ, ಅಷ್ಟೇ.”

ಮಾಲೆ ತೆಗೆಯುವ ಧೈರ್ಯ ನನಗಿನ್ನೂ ಬಂದಿಲ್ಲ. ಟಿವಿಯಲ್ಲಿ ಅಮೆರಿಕದ ಸುದ್ದಿ ಬಂದಾಗಲೆಲ್ಲ ಊರಿಂದ ಅತ್ತೆಯ ಫೋನು: “ಆ ಮನೆಯವರು ರಾಜಿ ಆದ್ರಾ?”